ಜಾರ್ಜ್‌ಟೌನಿನಲ್ಲಿ ಇಟ್ಟ ಪಾದ

ಗಂಡನ ತಲೆಯ ಮೇಲೆ ಕಾಲಿಟ್ಟ ಹೆಂಗಸು ಎಂದೇ ದಾವಣಗೆರೆಯ ಮಂಡಿಪೇಟೆ ಅಕ್ಕನಾಗಮ್ಮನನ್ನು ಗುರುತಿಸುತ್ತಿದ್ದ ಕಾಲವೊಂದಿತ್ತು. ಹಾಗೆ ಆಡಿಕೊಂಡವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅವಳ ಮುಖಪರಿಚಯವೂ ಇರಲಿಲ್ಲ. ಎದುರಿಗೆ ಸಿಕ್ಕಾಗ ಹಲ್ಲು ಕಿರಿದು ಕ್ಷೇಮ ವಿಚಾರಿಸಿ, ಬೆನ್ನು ತಿರುಗಿದ ಮೇಲೆ ನಾಲಗೆ ಉದ್ದ ಮಾಡುವ ಶೂರರೇ ಎಲ್ಲ. ಅಕ್ಕನಾಗಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಅವಳು ಅದೇ ಪೇಟೆಯ ನಡುಬೀದಿಯಲ್ಲಿ, ತಲೆ ತುಂಬ ಸೆರಗು ಹೊದ್ದು, ಹಣೆ ತುಂಬ ವಿಭೂತಿ ಬಳಿದುಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ನಡೆದುಹೋಗುತ್ತಿದ್ದಳು. ಅವಳು ಕಾಲಿಟ್ಟದ್ದು ನಿಜ. ಎಲ್ಲಿ ಇಟ್ಟಳು, ಯಾಕೆ ಇಟ್ಟಳು ಎಂದು ಕೇಳುವ ವ್ಯವಧಾನ ಪೇಟೆಗೆ ಇರಲಿಲ್ಲ. ನಮಗಾದರೂ ಇರಲಿ.

ಅಕ್ಕನಾಗಮ್ಮ ಹರಿಹರದ ಹೊಳೆದಂಡೆಯಲ್ಲಿ ಬೆಳೆದ ಹುಡುಗಿ. ಮದುವೆಯಾಗಿ ಬಂದದ್ದು ದಾವಣಗೆರೆಯ ಹತ್ತಿ ವ್ಯಾಪಾರದ ಮನೆಗೆ. ಮನೆಯ ಯಜಮಾನಿಕೆ ಅತ್ತೆ ನೀಲಕ್ಕನದು, ಅಂಗಡಿ ಭಾವ ಬಕ್ಕೇಶಪ್ಪನದು. ಗಂಡ ಶಿವಯೋಗಪ್ಪ ಕಿರಿಯ ಮಗ. ಗಾದಿಯ ಮೇಲೆ ಕೂರಿಸಿದರೆ ಹತ್ತಿ ತಂದ ರೈತನ ಕಷ್ಟಸುಖ ಕೇಳುತ್ತ ವ್ಯಾಪಾರವನ್ನೇ ಮರೆತುಬಿಡುವ ಆಸಾಮಿ. ಅಣ್ಣ ಅವನನ್ನು ಅಂಗಡಿಯಿಂದ ದೂರ ಇಟ್ಟದ್ದು ತಮ್ಮನ ಮೇಲಿನ ಪ್ರೀತಿಗಲ್ಲ, ಅಂಗಡಿಯ ಮೇಲಿನ ಪ್ರೀತಿಗೆ. ಹೀಗಾಗಿ ಶಿವಯೋಗಪ್ಪ ಪೂಜೆ, ವಚನ, ಮಠದ ಪಾಠಶಾಲೆ ಎಂದು ಓಡಾಡಿಕೊಂಡಿದ್ದ. ಮಕ್ಕಳಾಗಿರಲಿಲ್ಲ. ಅದಕ್ಕೆ ಊರಿನವರು ಪುಕ್ಕಟೆಯಾಗಿ ಕೊಡುತ್ತಿದ್ದ ಸಲಹೆಗಳನ್ನು ಕೇಳಿ ಕೇಳಿ ಅಕ್ಕನಾಗಮ್ಮ ರೋಸಿಹೋಗಿದ್ದಳು.

ಐವತ್ತೇಳನೆಯ ಇಸವಿಯಲ್ಲಿ ಕೋಟುಬೂಟಿನ ಒಬ್ಬ ಮನುಷ್ಯ ಹರಿಹರದ ಸ್ಟೇಷನ್ನಿನಲ್ಲಿ ಇಳಿದ. ಹೆಸರು ಜೇಮ್ಸ್ ಬಸಪ್ಪ. ದಕ್ಷಿಣ ಅಮೆರಿಕದಲ್ಲಿ ಬ್ರಿಟಿಷ್ ಗಯಾನಾ ಎಂಬ ಸೀಮೆ, ಅದರಲ್ಲಿ ಜಾರ್ಜ್‌ಟೌನ್ ಎಂಬ ಪಟ್ಟಣ, ಅಲ್ಲಿಯವನು. ಅವನ ತಾತ ಮದರಾಸಿನಿಂದ ಹಡಗು ಹತ್ತಿ ಕಬ್ಬಿನ ಗದ್ದೆಯ ಕೂಲಿಗೆ ಹೋದವನು. ಅಂಥ ಕೆಲವು ಮನೆಗಳು ಅಲ್ಲಿವೆ, ತಾತಂದಿರ ಲಿಂಗಗಳನ್ನು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇವೆ, ಹೇಗೆ ಪೂಜೆ ಮಾಡಬೇಕೆಂದು ಹೇಳುವವರಿಲ್ಲ, ಸತ್ತರೆ ಪಾದ್ರಿಯನ್ನು ಕರೆಯುತ್ತೇವೆ, ಯಾರಾದರೂ ಒಬ್ಬ ಜಂಗಮ ಅಯ್ಯ ಬಂದು ನಮ್ಮ ಜೊತೆ ಇರಬೇಕು ಎಂದು ಅವನು ಬೇಡಿಕೊಂಡ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಹೈಸ್ಕೂಲಿನ ಮೇಷ್ಟರೊಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುತ್ತ ಹೋದರು.

ಹರಿಹರದಿಂದ ಬಂದ ಅವನನ್ನು ದಾವಣಗೆರೆ ಮೆರೆಸಿದ್ದೇ ಮೆರೆಸಿದ್ದು. ಹಾರ ಹಾಕಿದರು, ಹೋಳಿಗೆಗೆ ತುಪ್ಪ ಸುರಿದರು, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಧರ್ಮ ಸಮುದ್ರದಾಚೆಗೂ ಬೆಳಗುತ್ತಿದೆ ಎಂದು ಭಾಷಣವಾಯಿತು. ಹೋಗುವವರು ಯಾರು ಎಂಬ ಮಾತು ಬಂದಾಗ ಮಾತ್ರ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮಗಳ ಮದುವೆ, ಮತ್ತೊಬ್ಬರಿಗೆ ಹಡಗಿನಲ್ಲಿ ಮಡಿನೀರಿನ ಚಿಂತೆ. ಸಂಬಳವಿಲ್ಲದ ಸೇವೆ ಎಂದು ಗೊತ್ತಾದ ಮೇಲೆ ಮಂಡಿನೋವು ಇನ್ನಷ್ಟು ಜನಕ್ಕೆ ಹಬ್ಬಿತು. ಶಿವಯೋಗಪ್ಪನಿಗೆ ಹೋಗುವ ಆಸೆಯಿತ್ತು. ಹೆಂಡತಿಯ ಹತ್ತಿರ ಹೇಳಿಯೂ ಇದ್ದ. ಅಣ್ಣನ ಎದುರಿಗೆ ಬಾಯಿ ಬರುತ್ತಿರಲಿಲ್ಲ. ಸಭೆಯಲ್ಲಿ ಅವನು ತಲೆ ತಗ್ಗಿಸಿ ಕೂತದ್ದನ್ನು ಹೆಂಗಸರ ಸಾಲಿನಿಂದ ನೋಡಿ ನೋಡಿ ಅಕ್ಕನಾಗಮ್ಮ ಎದ್ದು ನಿಂತಳು.

"ಅಯ್ನೋರು ಯಾರೂ ಹೋಗಲ್ಲ ಅಂದ್ರೆ ನಾವಿಬ್ರು ಹೋಗ್ತೀವಿ."

ಅಂಗಡಿಯವರ ಮಗ ಅಯ್ಯನ ಕೆಲಸ ಮಾಡುತ್ತಾನಂತೆ ಎಂದು ಸಭೆ ನಕ್ಕಿತು. ನಗದವರು ಒಬ್ಬರೇ, ಹರಿಹರದ ಒಂದು ಸಣ್ಣ ಮಠದ ವಯಸ್ಸಾದ ಸ್ವಾಮಿಗಳು. ಹುಟ್ಟಿದ ಮಗುವಿಗೆ ಲಿಂಗ ಕಟ್ಟಲು, ಸತ್ತವರ ತಲೆಯ ಮೇಲೆ ಪಾದ ಇಡಲು ಅವರು ಶಿವಯೋಗಪ್ಪನಿಗೆ ಅಪ್ಪಣೆ ಕೊಟ್ಟರು. ಮಾರನೆಯ ವರ್ಷ ಅವರು ತೀರಿಕೊಂಡರು. ಹೊರಡುವ ದಿನ ನೀಲಕ್ಕ ಸ್ಟೇಷನ್ನಿಗೆ ಬಂದಳು. ಮಗನ ಕೆನ್ನೆ ಸವರಿ, ಸೊಸೆಯ ಕಡೆ ತಿರುಗಿ, ಹೆಂಗೆ ಕರಕೊಂಡು ಹೋಗ್ತೀಯೋ ಹಂಗೇ ತಿರುಗಿ ಕರಕೊಂಡು ಬಾ ಎಂದಳು. ಅಕ್ಕನಾಗಮ್ಮ ಹೂಂ ಎಂದಳು.

ಜಾರ್ಜ್‌ಟೌನ್ ಸಮುದ್ರಕ್ಕಿಂತ ತಗ್ಗಿನಲ್ಲಿರುವ ಊರು. ನೀರು ಒಳಗೆ ಬಾರದಂತೆ ಗೋಡೆ ಕಟ್ಟಿದ್ದಾರೆ. ಮನೆಗಳೆಲ್ಲ ಮರದವು, ಕಂಬಗಳ ಮೇಲೆ ನಿಂತವು. ಜೇಮ್ಸ್ ಬಸಪ್ಪನ ಮನೆಯ ಅಡಿಯಲ್ಲಿ, ಆ ಕಂಬಗಳ ನಡುವೆ, ಭಾನುವಾರ ಜನ ಸೇರುತ್ತಿದ್ದರು. ಗಂಡಸರು ಶಿವಯೋಗಪ್ಪನ ಮುಂದೆ, ಹೆಂಗಸರು ಅಕ್ಕನಾಗಮ್ಮನ ಮುಂದೆ. ಡಬ್ಬಿಯಲ್ಲಿದ್ದ ಲಿಂಗವನ್ನು ತೊಳೆದು ಅಂಗೈಗೆ ಇಟ್ಟಾಗ ಮುದುಕಿಯೊಬ್ಬಳು ಗೊಳೋ ಎಂದು ಅತ್ತಳು. ಅವಳಿಗೆ ಬರುತ್ತಿದ್ದ ಭಾಷೆ ಅಕ್ಕನಾಗಮ್ಮನಿಗೆ ಬರುತ್ತಿರಲಿಲ್ಲ. ಅಳು ಇಬ್ಬರಿಗೂ ಬರುತ್ತಿತ್ತು.

ಸುಖದ ಬಾಳೇನಲ್ಲ. ಸೊಳ್ಳೆ, ಕೆಸರು, ತಿಂಗಳುಗಟ್ಟಲೆ ಮಳೆ. ಜೋಳದ ರೊಟ್ಟಿ ಕನಸಿನ ಮಾತು. ಜನ ಅಕ್ಕಿ ತರುತ್ತಿದ್ದರು, ಬಾಳೆಕಾಯಿ, ಮರಗೆಣಸು ತರುತ್ತಿದ್ದರು, ಪ್ರೀತಿ ಹೆಚ್ಚಾದ ದಿನ ಮೀನೂ ತರುತ್ತಿದ್ದರು. ಅಕ್ಕನಾಗಮ್ಮ ಮೀನನ್ನೂ ತಂದವರನ್ನೂ ಮೆಟ್ಟಿಲಿಂದಲೇ ಬೈದು ಕಳಿಸುತ್ತಿದ್ದಳು. ಅವರು ನಗುತ್ತ ಹೋಗಿ ಬೆಲ್ಲ ತರುತ್ತಿದ್ದರು. ಸಗಣಿ ಒಣಗಿಸಿ, ಸುಟ್ಟು, ಸೋಸಿ ಅವಳೇ ವಿಭೂತಿ ಮಾಡಿದಳು. ಹೊಲಿಗೆ ಕಲಿಸಿದಳು. ಶಿವಯೋಗಪ್ಪ ಎಲ್ಲ ವಿಧಿಗಳನ್ನೂ ಅವಳಿಗೆ ಹೇಳಿಕೊಟ್ಟ. ನಾಳೆ ತಾನು ಬಿದ್ದರೆ ಕೆಲಸ ನಿಲ್ಲಬಾರದು ಎಂಬುದು ಅವನ ಲೆಕ್ಕ. ಅವನು ಮಲೇರಿಯಾದಲ್ಲಿ ಮಲಗಿದಾಗ ಎಷ್ಟೋ ಕೂಸುಗಳಿಗೆ ಅವಳೇ ಲಿಂಗ ಕಟ್ಟಿದಳು. ಸತ್ತವರ ತಲೆಗೆ ಪಾದವನ್ನೂ ಇಟ್ಟಳು. ಹೆಣ್ಣು ಹೀಗೆ ಮಾಡಬಹುದೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಬಂದವರು ಇವರು, ಬಾರದವರು ಅವರು. ಅಲ್ಲಿಯ ಜನಕ್ಕೆ ಅಷ್ಟೇ ಗೊತ್ತಿದ್ದದ್ದು.

ಅರವತ್ತೆರಡರ ಮಳೆಗಾಲದಲ್ಲಿ ಮತ್ತೆ ಜ್ವರ ಬಂತು. ಈ ಸಲ ಶಿವಯೋಗಪ್ಪ ಏಳಲಿಲ್ಲ.

ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತಂತೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಗುಣಿಯೊಳಗಿನ ಗೂಡಿನಲ್ಲಿ ಇಳಿಸುತ್ತೇವೆ. ಸ್ಮಶಾನದ ಗುಮಾಸ್ತ ಪೆಟ್ಟಿಗೆ ತನ್ನಿ, ಸತ್ತವರು ಮಲಗಬೇಕು, ಅದೇ ಇಲ್ಲಿಯ ಕಾನೂನು ಎಂದ. ನಿಮ್ಮವರು ಬೇಕಾದರೆ ಮಲಗಲಿ, ನನ್ನ ಗಂಡ ಕೂರುತ್ತಾನೆ ಎಂದು ಅಕ್ಕನಾಗಮ್ಮ ಜೇಮ್ಸನ ಬಾಯಲ್ಲಿ ಹೇಳಿಸಿದಳು. ಗುಮಾಸ್ತ ಒಪ್ಪುವ ತನಕ ಅವಳು ಅವನ ಆಫೀಸಿನ ಮೆಟ್ಟಿಲು ಬಿಟ್ಟು ಏಳಲಿಲ್ಲ. ಒಪ್ಪಿದ ಮೇಲೆ ನೋಡಿದರೆ ಅಗೆದ ಗುಣಿಯಲ್ಲೆಲ್ಲ ನೀರು. ಆ ಊರಿನ ನೆಲವೇ ಅಂಥದು. ಕಡೆಗೆ ಜೇಮ್ಸನ ಕಡೆಯವರು ಊರಾಚೆ ಒಂದು ಮರಳು ದಿಣ್ಣೆ ಹುಡುಕಿ, ಅಲ್ಲಿ ಒಣಗುಣಿ ತೆಗೆದರು.

ಇಳಿಸುವ ಮುಂಚೆ ಅಯ್ಯನಾದವನು ಸತ್ತವರ ತಲೆಯ ಮೇಲೆ ಬಲಪಾದ ಇಡಬೇಕು. ಗುರುವಿನ ಪಾದ ಸೋಕಿದ ಮೇಲೆಯೇ ಜೀವ ನೆಲೆ ಸೇರುವುದು. ಆ ಊರಿನಲ್ಲಿ ಪಾದ ಇಡುವವನು ಒಬ್ಬನೇ ಇದ್ದ, ಅವನು ಅಲ್ಲಿ ವಿಭೂತಿ ಧರಿಸಿ ಕೂತಿದ್ದ. ಉಳಿದವಳು ಇವಳು. ಅಕ್ಕನಾಗಮ್ಮ ಮೊದಲು ಹೆಂಡತಿಯಾಗಿ ಅವನ ಕಾಲ ಮೇಲೆ ಹಣೆಯಿಟ್ಟು, ಎದೆ ಒಡೆಯುವ ಹಾಗೆ ಅತ್ತಳು. ಆಮೇಲೆ ಎದ್ದಳು. ಮುಖ ಒರೆಸಿಕೊಂಡಳು. ಅವನು ಕಲಿಸಿದ ಮಂತ್ರವನ್ನು ಅವನು ಕಲಿಸಿದ ಹಾಗೆಯೇ ಹೇಳಿ, ಅವನ ತಲೆಯ ಮೇಲೆ ಬಲಪಾದ ಇಟ್ಟಳು.

ಇನ್ನೊಂದು ವರ್ಷ ಅಲ್ಲೇ ಇದ್ದು, ಜೇಮ್ಸನ ಹೆಂಡತಿಗೆ ಮತ್ತು ಇನ್ನಿಬ್ಬರಿಗೆ ವಿಧಿಗಳನ್ನು ಕಲಿಸಿ, ಗಂಡನ ಶಾಲನ್ನು ಟ್ರಂಕಿನಲ್ಲಿಟ್ಟುಕೊಂಡು ಅವಳು ಹೊರಟಳು. ಅವರೆಲ್ಲ ಇಲ್ಲೇ ಇರು ಎಂದು ಕೈ ಹಿಡಿದರು. ತಂತಿಯಲ್ಲಿ ಸತ್ತ ಸುದ್ದಿ ಮಾತ್ರ ಹೋಗಿದೆ, ಹೆತ್ತವಳಿಗೆ ಉಳಿದದ್ದನ್ನು ನಾನೇ ಬಾಯಾರೆ ಹೇಳಬೇಕು ಎಂದು ಅವಳು ಬಿಡಿಸಿಕೊಂಡಳು. ಸ್ಟೇಷನ್ನಿನಲ್ಲಿ ಕೊಟ್ಟ ಮಾತು ನಡೆಸಲಾಗದವಳಿಗೆ ಇದಾದರೂ ಬೇಕಿತ್ತು: ನಿನ್ನ ಮಗ ದಿಕ್ಕಿಲ್ಲದೆ ಸಾಯಲಿಲ್ಲ, ನಮ್ಮ ರೀತಿಯಲ್ಲೇ ಹೋದ ಎಂದು ಹೇಳುವುದು, ಅದನ್ನು ನೀಲಕ್ಕ ನಂಬುವುದು.

ನೀಲಕ್ಕ ನಡುಮನೆಯಲ್ಲಿ ಕೂತಿದ್ದಳು. ಅಳು ಮುಗಿದ ಮೇಲೆ ಅವಳು ಕೇಳಿದ್ದು ಒಂದೇ.

"ಪಾದ ಯಾರಿಟ್ರು?"

"ನಾನೇ ಇಟ್ಟೆ, ಅತ್ತಿ."

ನೀಲಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನದಿಂದ ಸೊಸೆಯ ಕೈಯ ನೀರನ್ನೂ ಮುಟ್ಟಲಿಲ್ಲ. ಅಡುಗೆಮನೆಯ ಮಾತು ಹಿತ್ತಲಿಗೆ, ಹಿತ್ತಲಿನದು ಪೇಟೆಗೆ ಹೋಯಿತು. ಹತ್ತಿಯ ರೇಟು ಮಾತಾಡುತ್ತಿದ್ದವರೆಲ್ಲ ಖಾರ ಮಂಡಕ್ಕಿ ಮೆಲ್ಲುತ್ತ ಅಕ್ಕನಾಗಮ್ಮನ ಕಾಲಿನ ಬಗ್ಗೆ ಮಾತಾಡತೊಡಗಿದರು.

ಬಕ್ಕೇಶಪ್ಪ ಕೆಟ್ಟವನಲ್ಲ. ಅಂಗಡಿಯ ಮರ್ಯಾದೆಗೆ ಅಂಜುವವನು, ಅಷ್ಟೆ. ಮನೆತನದ ಅಯ್ಯ ಏಕಾಂತಯ್ಯನನ್ನೂ ನಾಲ್ಕು ಜನ ಹಿರಿಯರನ್ನೂ ಪಡಸಾಲೆಯಲ್ಲಿ ಸೇರಿಸಿದ. ಏಕಾಂತಯ್ಯ, ಮಂಡಿನೋವಿನಿಂದ ಹಡಗು ಹತ್ತದೇ ಉಳಿದಿದ್ದ ಮಹಾನುಭಾವ, ಶಾಸ್ತ್ರವನ್ನು ಉದ್ದಕ್ಕೂ ಹೇಳಿದ. ಜಂಗಮ ಕುಲದವಳಲ್ಲ, ಗಂಡಸಲ್ಲ, ಅದರ ಮೇಲೆ ಕಟ್ಟಿಕೊಂಡ ಹೆಂಡತಿ. ಇಂಥವಳ ಕಾಲು ತಲೆಗೆ ತಾಗಿದರೆ ಅದು ಪಾದವಲ್ಲ, ಒದೆ ಎಂದ. ಒಳಗಿನ ಬಾಗಿಲ ಹಿಂದೆ ನೀಲಕ್ಕ ಕೂತು ಕೇಳುತ್ತಿದ್ದಳು. ಬಕ್ಕೇಶಪ್ಪ ಒಂದು ದಾರಿ ಹುಡುಕಿಟ್ಟುಕೊಂಡಿದ್ದ.

"ನೋಡವ್ವಾ, ಅಲ್ಲಿ ಏನಾತು ಅಂತ ಇಲ್ಲಿ ಯಾರು ಕಂಡಾರೆ? ಅಲ್ಲೊಬ್ಬ ಅಯ್ಯ ಇದ್ದ, ಅವನೇ ಪಾದ ಇಟ್ಟ ಅಂತ ಒಂದು ಮಾತು ಹೇಳು. ದುಃಖದಾಗ ಏನೋ ಅಂದೆ ಅನ್ನು. ಎಲ್ಲ ಇಲ್ಲಿಗೇ ಮುಗೀತೈತೆ."

ಒಂದೇ ಮಾತು. ಹೇಳಿದ್ದರೆ ಮನೆ ಇತ್ತು, ಅನ್ನ ಇತ್ತು, ಅತ್ತೆಯ ಮುಖ ತನ್ನ ಕಡೆ ತಿರುಗುತ್ತಿತ್ತು. ಅಕ್ಕನಾಗಮ್ಮನ ನಾಲಗೆಯ ತುದಿಗೆ ಅದು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಬಾಗಿಲ ಕಡೆ ನೋಡಿದಳು. ಮರಳು ದಿಣ್ಣೆಯ ಮೇಲೆ ಪಾದ ಎತ್ತಿ ನಿಂತಿದ್ದ ತನ್ನನ್ನು ನೆನೆದಳು. ಅವಳಿಗೆ ಸಿಟ್ಟು ಬಂತು.

"ಅಲ್ಲಿ ಅಯ್ನೋರು ಯಾರೂ ಇರ್ಲಿಲ್ಲ ಭಾವ. ಕರದ್ರೂ ಬರ್ಲಿಲ್ಲ. ಅದಕ್ಕೇ ನಾವು ಹೋಗಿದ್ದು."

ಏಕಾಂತಯ್ಯ ಮಂಡಿ ಉಜ್ಜಿಕೊಂಡ. ಹಾಗಾದರೆ ಇನ್ನೊಂದು ದಾರಿ ಇದೆ ಎಂದು ಹಿರಿಯರೊಬ್ಬರು ಹೇಳಿದರು. ಶಿವಯೋಗಪ್ಪನ ಶಾಲನ್ನು ಕೊಡಲಿ, ಅದನ್ನೇ ದೇಹ ಎಂದು ಕೂರಿಸಿ, ಅಯ್ಯನವರಿಂದ ಪಾದ ಇಡಿಸಿ, ನಮ್ಮ ಮಣ್ಣಿನಲ್ಲಿ ಇಟ್ಟರೆ ಆಗಿದ್ದೆಲ್ಲ ಸರಿಯಾಗುತ್ತದೆ, ಇವಳು ತಪ್ಪಾಯಿತೆಂದು ಅಡ್ಡಬಿದ್ದರೆ ಸಾಕು.

"ಶಾಲು ಕೊಡಲ್ರಿ," ಎಂದಳು ಅಕ್ಕನಾಗಮ್ಮ. "ನಾನಿಟ್ಟಿದ್ದು ಪಾದ ಅಲ್ಲ ಅಂದ್ರೆ, ಅಲ್ಲಿ ಕೂಸುಗಳಿಗೆ ನಾನು ಕಟ್ಟಿದ್ದೂ ಲಿಂಗ ಅಲ್ಲ. ಹೋಗಿ ಎಲ್ಲಾರದೂ ಬಿಚ್ಚಿಕೊಂಡು ಬರ್ಲೇನ್ರಿ? ನನ್ನ ಗಂಡ ಕೂತ ಜಾಗದಾಗ ಕೂತಾನೆ. ಅವನನ್ನ ಎಬ್ಬಿಸಾಕೆ ನಾನು ಬಿಡಲ್ಲ."

ಬಕ್ಕೇಶಪ್ಪ ಬಾಯಿಬಿಟ್ಟು ಹೋಗು ಎನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ. ಅವಳು ಟ್ರಂಕು ಎತ್ತಿಕೊಂಡು ನಡೆದಳು. ನಡುಮನೆಯ ಬಾಗಿಲ ಮುಂದೆ ಬಗ್ಗಿ ಹೊಸ್ತಿಲು ಮುಟ್ಟಿ ನಮಸ್ಕರಿಸಿದಾಗ ಒಳಗಿನಿಂದ ನೀಲಕ್ಕ ಎದ್ದು ಬರಲಿಲ್ಲ.

ಅದೇ ಊರಿನ ವಿನೋಬನಗರದಲ್ಲಿ ಒಂದು ಕೋಣೆ ಹಿಡಿದಳು. ಪಕ್ಕದ ಮನೆಯ ಮಾಬೂಬೀ ಹಳೆಯ ಹೊಲಿಗೆ ಯಂತ್ರವೊಂದನ್ನು ಕೊಡಿಸಿದಳು. ಲಂಗ, ರವಿಕೆ, ಮಿಲ್ಲಿನವರ ಅಂಗಿ ಚಡ್ಡಿ ಹೊಲಿಯುತ್ತ ಹೊಟ್ಟೆ ನಡೆಯಿತು. ಮಂಡಿಪೇಟೆಗೆ ಹೋಗಬೇಡ, ಜನ ಆಡಿಕೊಳ್ಳುತ್ತಾರೆ ಎಂದು ಮಾಬೂಬೀ ಹೇಳಿದರೆ, ಆಡಿಕೊಳ್ಳಲಿ, ನೂಲು ಅಲ್ಲೇ ಅಗ್ಗ ಎಂದು ಹೋಗಿಬರುತ್ತಿದ್ದಳು. ಒಂದು ಸಲ ಹತ್ತಿ ಮಿಲ್ಲಿನ ಹಮಾಲಿ ಮೈಲಪ್ಪನ ಹೆಂಡತಿ ಸತ್ತಳು. ಬರುತ್ತೇನೆಂದ ಅಯ್ಯ ಯಾವುದೋ ಸಾಹುಕಾರರ ಮನೆಯ ಊಟ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಇಳಿಯುತ್ತ ಬಂದಾಗ ಮೈಲಪ್ಪ ಅಕ್ಕನಾಗಮ್ಮನ ಬಾಗಿಲಿಗೆ ಬಂದು, ನೀವು ಬರ್ತೀರಾ ಎಂದ. ಅವಳು ಯಂತ್ರಕ್ಕೆ ಬಟ್ಟೆ ಮುಚ್ಚಿ ಎದ್ದಳು. ಅಲ್ಲಿಂದ ಮುಂದೆ ಬಡವರ ಕೇರಿಗಳಲ್ಲಿ, ಆವರಗೆರೆಯ ಕಡೆಯ ಗುಡಿಸಲುಗಳಲ್ಲಿ, ಅಯ್ಯಂದಿರ ದಾರಿ ಕಾದು ಸಾಕಾದವರು ಅವಳನ್ನು ಕರೆಯತೊಡಗಿದರು. ಅಕ್ಕನಾಗಮ್ಮ ಯಾರಿಗೂ ಬರುವುದಿಲ್ಲ ಎನ್ನಲಿಲ್ಲ. ಏಕಾಂತಯ್ಯ ಬೀದಿಯಲ್ಲಿ ಎದುರಾದರೆ ದಾರಿ ಬಿಡುತ್ತಲೂ ಇರಲಿಲ್ಲ. ಅವನೇ ಪಕ್ಕಕ್ಕೆ ಸರಿಯುತ್ತಿದ್ದ.

ಆದರೆ ಆ ಒಂದು ಮುಳ್ಳು ಒಳಗೆ ಹಾಗೇ ಉಳಿದಿತ್ತು. ಊರಿನ ನಾಲಗೆ ಅವಳಿಗೆ ಲೆಕ್ಕಕ್ಕಿರಲಿಲ್ಲ. ನೀಲಕ್ಕ ತನ್ನ ಮಗ ನೆಲೆ ಸೇರಲಿಲ್ಲ, ಸಮುದ್ರದಾಚೆ ಎಲ್ಲೋ ಅಲೆಯುತ್ತಿದ್ದಾನೆ ಎಂದುಕೊಂಡು ದಿನ ದೂಡುತ್ತಿದ್ದಾಳಲ್ಲ, ಅದನ್ನು ನೆನೆದರೆ ಕೈಯಲ್ಲಿದ್ದ ಬಟ್ಟೆ ಹಾಗೇ ನಿಲ್ಲುತ್ತಿತ್ತು. ಹೋಗಿ ಕಾಲು ಹಿಡಿಯೋಣವೆಂದರೆ, ಹಿಡಿದು ಏನು ಹೇಳುವುದು? ತಪ್ಪಾಯಿತು ಎಂದೇ? ಅದೊಂದನ್ನು ಅವಳು ಹೇಳುವವಳಲ್ಲ.

ಅರವತ್ತಾರರ ಬೇಸಿಗೆಯಲ್ಲಿ ಬಕ್ಕೇಶಪ್ಪ ವಿನೋಬನಗರಕ್ಕೆ ಬಂದ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನು ಕರೆಯುತ್ತಿದ್ದಾಳೆ ಎಂದು ಬೀದಿಯಲ್ಲೇ ನಿಂತು ಹೇಳಿದ.

ನೀಲಕ್ಕ ಒಣಗಿ ಹೋಗಿದ್ದಳು. ಕಣ್ಣು ಮಾತ್ರ ಚುರುಕಾಗಿದ್ದವು. ಹತ್ತಿರ ಕೂರಿಸಿಕೊಂಡು, ಇಷ್ಟು ವರ್ಷ ಕೇಳದೇ ಇದ್ದದ್ದನ್ನೆಲ್ಲ ಒಂದೊಂದಾಗಿ ಕೇಳಿದಳು. ಮಣ್ಣು ಹಸಿಯೋ ಒಣವೋ, ಗೂಡು ಯಾವ ದಿಕ್ಕಿಗಿತ್ತು, ಲಿಂಗ ಕೈಯಲ್ಲಿ ನಿಂತಿತೋ ಇಲ್ಲವೋ, ಪತ್ರೆ ಎಲ್ಲಿಂದ ತಂದಿರಿ, ವಿಭೂತಿ ಸಾಕಾಯಿತೇ. ಅಕ್ಕನಾಗಮ್ಮ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಬಿಲ್ವ ಅಲ್ಲಿ ಸಿಗಲಿಲ್ಲ, ಬೇರೆ ಎಲೆ ಇಟ್ಟೆವು ಎಂಬುದನ್ನೂ ಮುಚ್ಚಿಡಲಿಲ್ಲ. ನೀಲಕ್ಕ ಕಣ್ಣು ಮುಚ್ಚಿಕೊಂಡು ಕೇಳಿ, ಬಕ್ಕೇಶಪ್ಪನನ್ನೂ ಏಕಾಂತಯ್ಯನನ್ನೂ ಒಳಗೆ ಕರೆಸಿದಳು.

"ನನಗ ಪಾದ ಇಕಿನೇ ಇಡ್ಬೇಕು," ಎಂದಳು.

ಏಕಾಂತಯ್ಯ ಶಾಸ್ತ್ರ ತೆಗೆದ. ನೀಲಕ್ಕ ಕೈಯೆತ್ತಿ ತಡೆದಳು.

"ನನ್ನ ಮಗ ಇಕಿ ಪಾದದ ದಾರಿ ಹಿಡಿದು ಹೋಗ್ಯಾನೆ ಅಯ್ನೋರೆ. ನೀವು ಇಟ್ರೆ ನಾನು ನಿಮ್ಮ ದಾರ್ಯಾಗ ಹೋಗ್ತೀನಿ. ಅಲ್ಲಿ ಅವ ನನಗ ಸಿಗಲ್ಲ."

ಅಕ್ಕನಾಗಮ್ಮ ತಂಬಿಗೆಯಿಂದ ನೀರು ಬಗ್ಗಿಸಿ ಅತ್ತೆಯ ಬಾಯಿಗೆ ಹಿಡಿದಳು. ನೀಲಕ್ಕ ಕುಡಿದಳು.

ಮೂರನೆಯ ದಿನ ಅವಳು ತೀರಿಕೊಂಡಳು. ದೊಡ್ಡ ಮನೆತನದ ಹಿರಿಯ ಜೀವ. ಪೇಟೆಗೆ ಪೇಟೆಯೇ ಅಂಗಡಿ ಮುಚ್ಚಿ ಬಂದಿತ್ತು. ಹರಿಹರದಿಂದಲೂ ನೆಂಟರು ಬಂದಿದ್ದರು. ಭಜನೆಯವರು ಮುಂದೆ, ಕೂರಿಸಿ ಹೊತ್ತ ನೀಲಕ್ಕ ನಡುವೆ. ಗುಣಿಯ ಹತ್ತಿರ ಬೇವಿನ ಮರದ ಕೆಳಗೆ ಏಕಾಂತಯ್ಯ ಮಡಿಯುಟ್ಟು ತಯಾರಾಗಿ ನಿಂತಿದ್ದ. ಅಕ್ಕನಾಗಮ್ಮ ಬಂದದ್ದನ್ನು ಕಂಡು ಗುಂಪಿನಲ್ಲಿ ಗುಸುಗುಸು ಎದ್ದಿತು. ಬಕ್ಕೇಶಪ್ಪ ಬೆವರುತ್ತ ಅವಳ ಹತ್ತಿರ ಬಂದು, ಮೊದಲು ಅಯ್ಯನವರು ಇಡಲಿ, ಆಮೇಲೆ ನೀನೂ ಇಡು, ಇಬ್ಬರದೂ ನಡೆದುಹೋಗಲಿ ಎಂದು ಪಿಸುಗುಟ್ಟಿದ. ವ್ಯಾಪಾರಿಯ ಬುದ್ಧಿ, ಅಲ್ಲಿಯೂ ಚೌಕಾಸಿ.

ಅಕ್ಕನಾಗಮ್ಮ ಪಿಸುಗುಟ್ಟಲಿಲ್ಲ. ಗುಂಪಿನ ಕೊನೆಯವನಿಗೂ ಕೇಳುವ ಹಾಗೆ ಹೇಳಿದಳು.

"ಅವ್ವ ಕೇಳಿದ್ದು ಒಂದೇ ಪಾದ. ಅಯ್ನೋರದು ಅಂದ್ರೆ ನಾನು ಈಗಲೇ ಮನಿಗೆ ಹೋಗ್ತೀನಿ. ನಂದು ಅಂದ್ರೆ ಅವರು ಆ ಬೇವಿನ ಮರದ ಕೆಳಗೇ ಇರ್ಲಿ. ನಿಮ್ಮ ಅವ್ವ. ನೀವೇ ಬಾಯಿ ಬಿಟ್ಟು ಹೇಳ್ರಿ ಭಾವ, ಎಲ್ಲಾರೂ ಕೇಳ್ಲಿ."

ಬಕ್ಕೇಶಪ್ಪ ಏಕಾಂತಯ್ಯನ ಕಡೆ ನೋಡಿದ, ಪೇಟೆಯ ಕಡೆ ನೋಡಿದ. ವಿಭೂತಿಯಲ್ಲಿ ಮುಚ್ಚಿಹೋಗಿದ್ದ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವನಿಗೆ ತಮ್ಮನ ನೆನಪಾಯಿತೋ ಏನೋ, ಅವಳ ಕಡೆ ತಿರುಗಿದ.

"ಪಾದ ಇಡವ್ವಾ," ಎಂದ. ಮೊದಲ ಸಲ ಸರಿಯಾಗಿ ಕೇಳಲಿಲ್ಲ. ಎರಡನೆಯ ಸಲ ಎಲ್ಲರಿಗೂ ಕೇಳಿತು.

ಅಕ್ಕನಾಗಮ್ಮ ಬಗ್ಗಿ ಅತ್ತೆಯ ಕಾಲಿಗೆ ಹಣೆ ಮುಟ್ಟಿಸಿದಳು. ಎದ್ದಳು. ಮಂತ್ರ ಹೇಳಿದಳು. ಅಷ್ಟೂ ಜನದ ನಡುವೆ ಬಲಗಾಲು ಎತ್ತಿ ನೀಲಕ್ಕನ ತಲೆಯ ಮೇಲೆ ಇಟ್ಟಳು.

ಪಾದ ಇಟ್ಟವರಿಗೆ ಸತ್ತವರ ಹಿರಿಮಗ ಅಡ್ಡಬೀಳುವುದು ವಾಡಿಕೆ. ಬಕ್ಕೇಶಪ್ಪ ರುಮಾಲು ತೆಗೆದು ಪಕ್ಕಕ್ಕಿಟ್ಟು, ಮಣ್ಣಿನಲ್ಲಿ ಮಂಡಿಯೂರಿ, ತಮ್ಮನ ಹೆಂಡತಿಯ ಕಾಲ ಬಳಿ ಬಗ್ಗಿದ. ನೀವು ಹಿರಿಯರು, ಬೇಡಿ ಎಂದು ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಪೇಟೆಯವರೆಲ್ಲ ಅದನ್ನೇ ಕಾಯುತ್ತಿದ್ದರು. ಅಕ್ಕನಾಗಮ್ಮ ಎಳೆದುಕೊಳ್ಳಲಿಲ್ಲ.